‘ಮೊದಲು ಗಾಂಜಾ ಬಿಡಲಿ, ಮಿಕ್ಕಿದ್ದು ಆಮೇಲೆ’: ಹದಿನಾರರ ಹುಡುಗಿಯೊಬ್ಬಳ ಪ್ರಕರಣ ಅಧ್ಯಯನ

ಗುರುತು ಸಿಗಬಾರದೆಂದು ಮನೆಯವರ ವಿವರ, ಕಾಲ ಮತ್ತು ಅಂಕಿಗಳಲ್ಲಿ ಕೆಲವನ್ನು ಬದಲಿಸಲಾಗಿದೆ. ದೌರ್ಜನ್ಯ ಹೇಗೆ ನಡೆಯಿತು ಎಂಬುದು ಇಲ್ಲಿಲ್ಲ. ಚಿಕಿತ್ಸೆಯಲ್ಲಿ ತೆಗೆದುಕೊಂಡ ತೀರ್ಮಾನಗಳನ್ನು ತಿಳಿಯಲು ಅದು ಬೇಕಾಗಿಯೂ ಇಲ್ಲ.

ಹಿನ್ನೆಲೆ

ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತೆಂದು ಶಾಲೆಯವರು ಹುಡುಗಿಯನ್ನು ವ್ಯಸನ ಚಿಕಿತ್ಸೆಗೆ ಕಳಿಸಿದರು. ಆಗ ಅವಳಿಗೆ 16 ವರ್ಷ. ಜೊತೆಗೆ ಬಂದ ಚೀಟಿಯಲ್ಲಿ ಎರಡೇ ಸಾಲಿತ್ತು: ಸುಮಾರು ಒಂದು ವರ್ಷದಿಂದ ಗಾಂಜಾ ಸೇವನೆ, ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ, ಹೇಳಿದ ಮಾತು ಕೇಳುವುದಿಲ್ಲ. ಅವಳಿಗೆ 14 ವರ್ಷವಿದ್ದಾಗ ಮನೆಗೆ ಬಂದುಹೋಗುತ್ತಿದ್ದ ಪರಿಚಿತನೊಬ್ಬ ಹಲವು ತಿಂಗಳು ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ಅದು ಬಯಲಾಗಿ, ದೂರು ದಾಖಲಾಗಿ, ಮೊಕದ್ದಮೆ ನಡೆಯುತ್ತಿತ್ತು. ಚೀಟಿಯಲ್ಲಿ ಇದರ ಸುಳಿವೂ ಇರಲಿಲ್ಲ. ಅಮ್ಮ ಮೊದಲ ಭೇಟಿಯಲ್ಲೇ ಹೇಳಿದರು. ಕೇಳಿದವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.

ಘಟನೆಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಬರೆದಿದ್ದರೆ ಒಂದು ವಿಷಯ ಅಂದೇ ಕಣ್ಣಿಗೆ ಬೀಳುತ್ತಿತ್ತು. ದೌರ್ಜನ್ಯ ನಿಂತ ತಿಂಗಳಿಂದಲೇ ಕೆಟ್ಟ ಕನಸುಗಳು ಶುರುವಾಗಿದ್ದವು. ಸುಮಾರು ಒಂದು ವರ್ಷದ ನಂತರ ಅವಳು ಗೆಳತಿಗೆ ಹೇಳಿದಳು, ಗೆಳತಿಯ ಒತ್ತಾಯಕ್ಕೆ ಅಮ್ಮನಿಗೆ. ದೂರು ಕೊಟ್ಟಾಯಿತು, ಹೇಳಿಕೆ ಕೊಟ್ಟಾಯಿತು. ಆ ಹೇಳಿಕೆ ಕೊಟ್ಟ ಎರಡು ವಾರಕ್ಕೆ ಮೊದಲ ಬಾರಿ ಗಾಂಜಾ ಸೇದಿದಳು. ಅದಕ್ಕೆ ಮೊದಲು ಅವಳು ಒಂದು ಸಿಗರೇಟನ್ನೂ ಮುಟ್ಟಿರಲಿಲ್ಲ.

ಈ ಕ್ರಮವನ್ನು ಕಡತದ ಮೊದಲ ಪುಟದಲ್ಲೇ ಬರೆದಿಡುವುದು ಚಿಕಿತ್ಸೆಗೂ ಒಳ್ಳೆಯದು, ಹುಡುಗಿಗೂ ಒಳ್ಳೆಯದು. ದಾಖಲೆಗಳು ಮುಂದೆ ನ್ಯಾಯಾಲಯದ ಮುಂದೆ ಹೋಗಬಹುದು. ‘ನಶೆ ಮಾಡುವ ಹುಡುಗಿ, ಇವಳ ಮಾತನ್ನು ನಂಬುವುದು ಹೇಗೆ’ ಎಂದು ಯಾರಾದರೂ ಎದ್ದು ಕೇಳಿದಾಗ, ಯಾವುದು ಮೊದಲು ಯಾವುದು ನಂತರ ಎಂಬುದು ತಾರೀಖಿನ ಸಮೇತ ಅಲ್ಲಿ ಇರಬೇಕು.

ಮೊದಲ ಚಿಕಿತ್ಸೆ: ಒಂಬತ್ತು ದಿನ

ಮೊದಲು ನೋಡಿದ ತಂಡ ಸರಳ ಯೋಜನೆ ಹಾಕಿತು. ಗಾಂಜಾ ಪೂರ್ತಿ ಬಂದ್. ವಾರಕ್ಕೆ ಎರಡು ಬಾರಿ ಮೂತ್ರ ಪರೀಕ್ಷೆ. ಮೊಬೈಲ್ ಅಪ್ಪನ ಕೈಯಲ್ಲಿ. ನಶೆಯ ದುಷ್ಪರಿಣಾಮಗಳ ಬಗ್ಗೆ ವಾರಕ್ಕೊಂದು ಸಮಾಲೋಚನೆ. ದೌರ್ಜನ್ಯದ ವಿಷಯ? ‘ಮೂರು ತಿಂಗಳು ಮುಟ್ಟದೆ ಇರಲಿ, ಆಮೇಲೆ ನೋಡೋಣ.’

ಇದರ ಹಿಂದೆ ಒಂದು ತರ್ಕವಿದೆ. ಹಳೆಯ ನೆನಪನ್ನು ಕೆದಕಿದರೆ ಸಂಕಟ ಹೆಚ್ಚಾಗಿ ನಶೆಯೂ ಹೆಚ್ಚುತ್ತದೆ ಎಂಬ ಭಯ ಅದು. ಈ ಕ್ಷೇತ್ರದಲ್ಲಿ ಬಹಳ ಮಂದಿ ಇದೇ ಪಾಠ ಕಲಿತು ಬಂದವರು, ಹಾಗಾಗಿ ಆ ತಂಡವನ್ನು ದೂರಿ ಫಲವಿಲ್ಲ. ಈ ಹುಡುಗಿಯ ವಿಷಯದಲ್ಲಿ ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನಷ್ಟೇ ನೋಡೋಣ.

ಅವಳು ನಿಜವಾಗಿಯೂ ಬಿಟ್ಟಳು. ದಿನಾ ಗಾಂಜಾ ಸೇದುವವರು ಬಿಟ್ಟಾಗ ಒಂದರಿಂದ ಮೂರು ದಿನದೊಳಗೆ ಸಿಡುಕು, ಚಡಪಡಿಕೆ, ಊಟ ಸೇರದಿರುವುದು, ನಿದ್ದೆಗೇಡು ಶುರುವಾಗುತ್ತವೆ. ಮೊದಲ ವಾರದಲ್ಲಿ ಅವು ಏರುತ್ತವೆ, ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತವೆ. ನಿದ್ದೆಯ ತೊಂದರೆ ಅದಕ್ಕೂ ಹೆಚ್ಚು ಕಾಲ ಎಳೆಯಬಹುದು. ಇದಿಷ್ಟನ್ನೂ ಅವಳಿಗೆ ಹೇಳಿದ್ದರು. ಹೇಳದೆ ಬಿಟ್ಟದ್ದು ಕನಸಿನ ವಿಷಯ. ಕನಸು ಬೀಳುವ ನಿದ್ದೆಯ ಹಂತವನ್ನು ಗಾಂಜಾ ಅದುಮಿಡುತ್ತದೆ. ಬಿಟ್ಟ ಕೂಡಲೇ ಅದುಮಿಟ್ಟದ್ದೆಲ್ಲ ಪುಟಿದು ಬರುತ್ತದೆ. ಕನಸುಗಳು ಮೊದಲಿಗಿಂತ ಹೆಚ್ಚು, ಮೊದಲಿಗಿಂತ ಸ್ಪಷ್ಟ. ಸಾಮಾನ್ಯ ಹುಡುಗನೊಬ್ಬನಿಗೆ ಇದು ಒಂದು ವಾರದ ಕಿರಿಕಿರಿ. ಈ ಹುಡುಗಿಗೆ ಎಲ್ಲ ಕನಸುಗಳೂ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು. ಮೂರನೇ ರಾತ್ರಿಯಿಂದ ಅವಳು ಮಲಗುವುದನ್ನೇ ಬಿಟ್ಟಳು. ದೀಪ ಹಚ್ಚಿಟ್ಟು, ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಗೋಡೆಗೆ ಒರಗಿ ಕೂರುತ್ತಿದ್ದಳು.

ಇತ್ತ ಮೂತ್ರ ಪರೀಕ್ಷೆ ಎರಡು ರೀತಿಯಲ್ಲಿ ಕೆಲಸ ಕೆಡಿಸಿತು. ದಿನಾ ಸೇದುತ್ತಿದ್ದವರ ದೇಹದ ಕೊಬ್ಬಿನಲ್ಲಿ ಗಾಂಜಾದ ಅಂಶ ಸೇರಿಕೊಂಡಿರುತ್ತದೆ. ಬಿಟ್ಟ ಮೇಲೂ ಮೂರು ನಾಲ್ಕು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ, ಮೂತ್ರದಲ್ಲಿ ಕಾಣಿಸುತ್ತಲೇ ಇರುತ್ತದೆ. ಏಳನೇ ದಿನದ ಪರೀಕ್ಷೆ ಪಾಸಿಟಿವ್ ಬಂತು. ‘ಸುಳ್ಳು ಹೇಳ್ತಾಳೆ’ ಎಂದು ಅಪ್ಪ ಕೂಗಾಡಿದರು. ಏಳು ದಿನದಲ್ಲಿ ನೆಗೆಟಿವ್ ಬರುವ ಸಾಧ್ಯತೆಯೇ ಕಡಿಮೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದು ಇನ್ನೂ ದೊಡ್ಡ ತಪ್ಪು. ಮಾದರಿ ಬದಲಿಸಬಾರದೆಂದು ಸಿಬ್ಬಂದಿಯೊಬ್ಬರು ಶೌಚಾಲಯದ ಬಾಗಿಲನ್ನು ಅರ್ಧ ತೆರೆದಿಟ್ಟು ಹೊರಗೆ ನಿಲ್ಲುತ್ತಿದ್ದರು. ಮಹಿಳಾ ಸಿಬ್ಬಂದಿಯೇ, ನಿಯಮದ ಪ್ರಕಾರವೇ. ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಬಟ್ಟೆ ಜಾರಿರುವಾಗ ಇನ್ನೊಬ್ಬರ ಕಣ್ಣು ಅಲ್ಲಿರುವುದು ಏನು ಮಾಡುತ್ತದೆ ಎಂದು ನಿಯಮ ಬರೆದವರು ಯೋಚಿಸಿರಲಿಲ್ಲ. ಆ ಹೊತ್ತಿಗೆ ಅವಳ ಕೈಕಾಲು ಮರಗಟ್ಟುತ್ತಿತ್ತು, ಮೂತ್ರ ಬರುತ್ತಿರಲಿಲ್ಲ. ಅದನ್ನು ‘ಸಹಕರಿಸುತ್ತಿಲ್ಲ’ ಎಂದು ದಾಖಲಿಸಲಾಯಿತು.

ಹತ್ತನೇ ರಾತ್ರಿ ಅಮ್ಮನ ನಿದ್ದೆಮಾತ್ರೆಗಳನ್ನು ಮನೆಯಲ್ಲಿದ್ದ ಮದ್ಯದ ಜೊತೆ ನುಂಗಿದಳು. ಈ ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಅಮ್ಮ ನೀರು ಕುಡಿಯಲು ಎದ್ದಿದ್ದರಿಂದ ಗೊತ್ತಾಯಿತು, ಆಸ್ಪತ್ರೆಗೆ ಸೇರಿಸಿದರು. ಎಚ್ಚರವಾದ ಮೇಲೆ ಕರ್ತವ್ಯದಲ್ಲಿದ್ದ ವೈದ್ಯೆ ನೇರವಾಗಿ ಕೇಳಿದರು: “ಸಾಯಬೇಕು ಅನ್ನಿಸಿತ್ತಾ?”

“ಗೊತ್ತಿಲ್ಲ. ಒಂದು ರಾತ್ರಿ ನಿದ್ದೆ ಬೇಕಿತ್ತು. ಏಳದಿದ್ರೂ ಪರವಾಗಿಲ್ಲ ಅನ್ನಿಸ್ತು.”

ಇಡೀ ಪ್ರಕರಣ ತಿರುಗಿದ್ದು ಈ ಉತ್ತರದಿಂದ. ಇದರಲ್ಲಿ ಎರಡು ಭಾಗಗಳಿವೆ, ಎರಡನ್ನೂ ಕೇಳಿಸಿಕೊಳ್ಳಬೇಕು. ‘ನಿದ್ದೆ ಬೇಕಿತ್ತು’ ಎಂಬುದನ್ನಷ್ಟೇ ಹಿಡಿದುಕೊಂಡರೆ ಜೀವಕ್ಕಿರುವ ಅಪಾಯ ಕಣ್ತಪ್ಪುತ್ತದೆ. ‘ಏಳದಿದ್ರೂ ಪರವಾಗಿಲ್ಲ’ ಎಂಬುದನ್ನಷ್ಟೇ ಹಿಡಿದುಕೊಂಡರೆ ನಿದ್ದೆಯ ಸಮಸ್ಯೆ ಮತ್ತೆ ಹಿಂದೆ ಸರಿಯುತ್ತದೆ. ನೇರವಾಗಿ ಕೇಳಿದರೆ ಆತ್ಮಹತ್ಯೆಯ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬ ಹೆದರಿಕೆ ಇವತ್ತಿಗೂ ಇದೆ. ಹಾಗಾಗುವುದಿಲ್ಲ. ವೈದ್ಯೆ ಸುತ್ತಿ ಬಳಸಿ ಕೇಳಿದ್ದರೆ ಈ ಉತ್ತರ ಹೊರಗೆ ಬರುತ್ತಲೇ ಇರಲಿಲ್ಲ.

ಮತ್ತೆ ಮೊದಲಿಂದ

ಎರಡನೇ ತಂಡದಲ್ಲಿದ್ದವರು ಮೂವರು: ಒಬ್ಬ ಆಪ್ತಸಮಾಲೋಚಕಿ, ಒಬ್ಬ ಮನೋವೈದ್ಯೆ, ಕಾನೂನು ಮತ್ತು ಶಾಲೆಯ ವ್ಯವಹಾರ ನೋಡಲು ಒಬ್ಬ ಸಮಾಜ ಕಾರ್ಯಕರ್ತೆ. ಪೂರ್ತಿ ವಿಚಾರಣೆಯನ್ನು ಒಂದೇ ದಿನ ಮುಗಿಸದೆ ಮೂರು ಭೇಟಿಗೆ ಹಂಚಿದರು. ಬಾಗಿಲ ಪಕ್ಕದ ಕುರ್ಚಿ ಅವಳಿಗೆ. ಯಾರೂ ಅವಳ ಬೆನ್ನ ಹಿಂದೆ ಓಡಾಡುವಂತಿಲ್ಲ. ನಡೆದದ್ದನ್ನು ಪೊಲೀಸರ ಮುಂದೆ, ವೈದ್ಯರ ಮುಂದೆ, ನ್ಯಾಯಾಧೀಶರ ಮುಂದೆ ಅವಳು ಆಗಲೇ ಹೇಳಿದ್ದಳು. ಇಲ್ಲಿ ಇನ್ನೊಮ್ಮೆ ಹೇಳಬೇಕಿಲ್ಲ ಎಂಬುದು ಮೊದಲ ಮಾತಾಯಿತು.

ಎರಡನೇ ಮಾತು ಗುಟ್ಟಿನದು. ಅಪ್ಪ ಅಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಅವಳ ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಅಪಾಯ, ಕಾನೂನಿನ ಪ್ರಕಾರ ತಿಳಿಸಲೇಬೇಕಾದ ಸಂಗತಿ: ಈ ಮೂರು ಹೊರಗೆ ಹೋಗುತ್ತವೆ, ಅದೂ ಮೊದಲು ಅವಳಿಗೆ ತಿಳಿಸಿ. ಎಷ್ಟು ಸೇದಿದಳು, ಯಾವತ್ತು ಸೇದಿದಳು ಎಂಬುದು ಮನೆಗೆ ಹೋಗುವುದಿಲ್ಲ. ಅಪ್ಪ ಅರ್ಧ ಗಂಟೆ ವಾದ ಮಾಡಿದರು. ಆ ಅರ್ಧ ಗಂಟೆ ವ್ಯರ್ಥವಾಗಲಿಲ್ಲ; ತನ್ನ ಪರವಾಗಿ ಯಾರೋ ಅಪ್ಪನ ಎದುರು ಮಣಿಯದೆ ಕೂತದ್ದನ್ನು ಹುಡುಗಿ ನೋಡಿದಳು.

ಅಳತೆಗೆ ಮೂರು ಪ್ರಶ್ನಾವಳಿ ಬಳಸಿದರು. ಹದಿಹರೆಯದವರ ನಶೆಗೆ ‘ಕ್ರಾಫ್ಟ್’: ಆರು ಹೌದು-ಇಲ್ಲ ಪ್ರಶ್ನೆಗಳು, ಎರಡು ಅಥವಾ ಹೆಚ್ಚು ಹೌದು ಬಂದರೆ ಆಳವಾಗಿ ನೋಡಬೇಕು. ಅವಳದು ಐದು. ಆಘಾತೋತ್ತರ ಒತ್ತಡಕ್ಕೆ ‘ಸಿಪಿಎಸ್‌ಎಸ್-5’: 20 ಲಕ್ಷಣಗಳು, ಒಟ್ಟು 80 ಅಂಕ, 31 ಅಥವಾ ಹೆಚ್ಚು ಬಂದರೆ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಇರುವ ಸಾಧ್ಯತೆ ಹೆಚ್ಚು. ಅವಳದು 54. ಖಿನ್ನತೆಗೆ ‘ಪಿಎಚ್‌ಕ್ಯೂ-ಎ’: 27ಕ್ಕೆ 17. ಒಂದು ಎಚ್ಚರಿಕೆ: ನಶೆ ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ದೆಗೇಡು, ಬೆಚ್ಚಿಬೀಳುವುದು ಹೇಗೂ ಇರುವುದರಿಂದ ಆಘಾತದ ಅಂಕಿ ಉಬ್ಬಿ ಕಾಣುತ್ತದೆ. ಹಾಗಾಗಿ ಮೂರು ವಾರ ಬಿಟ್ಟು ಇನ್ನೊಮ್ಮೆ ಅಳೆದರು. 51 ಬಂತು. ಲಕ್ಷಣಗಳು ಆಘಾತದವೇ ಎಂದು ಆಗ ಖಚಿತವಾಯಿತು.

ಇವೆಲ್ಲಕ್ಕಿಂತ ಹೆಚ್ಚು ಹೇಳಿದ್ದು ಒಂದು ಗೆರೆ ಎಳೆದ ಹಾಳೆ. ಮೊದಲ ತಂಡ ‘ಎಷ್ಟು ಸೇದ್ತೀಯ’ ಎಂದು ಕೇಳಿತ್ತು. ಸಮಾಲೋಚಕಿ ‘ಎಷ್ಟು ಹೊತ್ತಿಗೆ’ ಎಂದು ಕೇಳಿದರು. ಹಾಳೆಯಲ್ಲಿ ಆರು ಕಾಲಂ: ಹೊತ್ತು, ಜಾಗ, ಅದಕ್ಕೆ ಮುಂಚೆ ಏನಾಯಿತು, ಬೇಕು ಎಂಬ ಒತ್ತಡ ಹತ್ತಕ್ಕೆ ಎಷ್ಟು, ಏನು ಮಾಡಿದೆ, ಒಂದು ಗಂಟೆಯ ನಂತರ ಹೇಗಿತ್ತು. ಎರಡು ವಾರದಲ್ಲಿ 19 ನಮೂದುಗಳು. ಅದರಲ್ಲಿ 15 ರಾತ್ರಿ 11ರಿಂದ 1ರ ನಡುವೆ, ಅವಳ ಕೋಣೆಯಲ್ಲಿ, ಒಬ್ಬಳೇ ಇದ್ದಾಗ. ‘ಅದಕ್ಕೆ ಮುಂಚೆ’ ಎಂಬಲ್ಲಿ ಮತ್ತೆ ಮತ್ತೆ ಬಂದ ಪದ ‘ಚಪ್ಪಲಿ’. ಅಪ್ಪ ರಾತ್ರಿ ಬಾಗಿಲು ಭದ್ರ ಮಾಡಲು ಹಜಾರದಲ್ಲಿ ಓಡಾಡುವಾಗಿನ ಚಪ್ಪಲಿಯ ಸದ್ದು. ಉಳಿದ ನಾಲ್ಕರಲ್ಲಿ ಎರಡು ಮೊಕದ್ದಮೆಗೆ ಸಂಬಂಧಿಸಿದ ಫೋನು ಬಂದ ದಿನ, ಒಂದು ತರಗತಿಯಲ್ಲಿ ಮೇಷ್ಟ್ರು ಹಿಂದಿನಿಂದ ಬಂದು ಪುಸ್ತಕ ನೋಡಲು ಬಗ್ಗಿದ ದಿನ, ಮತ್ತೊಂದು ಗೆಳತಿಯ ಹುಟ್ಟುಹಬ್ಬ.

ಸಂತೋಷಕ್ಕೆಂದು ಸೇದಿದ್ದು ಅದೊಂದೇ ಸಲ.

ತೀರ್ಮಾನ: ಎರಡನ್ನೂ ಒಟ್ಟಿಗೆ

ಗಾಂಜಾ ಪೂರ್ತಿ ನಿಲ್ಲುವವರೆಗೆ ಆಘಾತದ ಚಿಕಿತ್ಸೆಯನ್ನು ತಡೆಹಿಡಿಯುವುದಿಲ್ಲ ಎಂದು ತಂಡ ನಿರ್ಧರಿಸಿತು. ಈ ನಿರ್ಧಾರಕ್ಕೆ ಆಧಾರವಿತ್ತು. ಲೈಂಗಿಕ ದೌರ್ಜನ್ಯದಿಂದ ಪಿಟಿಎಸ್‌ಡಿ ಬಂದಿದ್ದ 61 ಹದಿಹರೆಯದ ಹುಡುಗಿಯರ ಮೇಲೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೆನಪನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆ ಬರೀ ಸಾಂತ್ವನದ ಸಮಾಲೋಚನೆಗಿಂತ ಹೆಚ್ಚು ಫಲ ಕೊಟ್ಟಿತ್ತು. ಆಘಾತ ಮತ್ತು ನಶೆ ಎರಡನ್ನೂ ಒಟ್ಟಿಗೆ ಹಿಡಿಯುವ ಕುಟುಂಬ ಆಧಾರಿತ ಚಿಕಿತ್ಸೆಯೊಂದನ್ನು 124 ಹದಿಹರೆಯದವರಲ್ಲಿ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದ್ದರು. ಅದರಲ್ಲಿ ನಶೆಯ ದಿನಗಳು ಹೆಚ್ಚಲಿಲ್ಲ, ವಾಡಿಕೆಯ ಚಿಕಿತ್ಸೆ ಪಡೆದವರಿಗಿಂತ ಕಡಿಮೆಯಾದವು.

ಒಟ್ಟಿಗೆ ಎಂದರೆ ಮೊದಲ ದಿನವೇ ನೆನಪಿಗೆ ಕೈಹಾಕುವುದು ಎಂದಲ್ಲ. ಜೀವದ ಸುರಕ್ಷತೆ ಮೊದಲು, ರಾತ್ರಿಯ ನಿದ್ದೆ ಆಮೇಲೆ, ನೆನಪು ಅದರ ನಂತರ. ದಿನಾ ವಿಪರೀತ ಕುಡಿಯುವವರು, ಆತ್ಮಹತ್ಯೆಯ ಯೋಜನೆ ಹಾಕಿಕೊಂಡಿರುವವರು, ದೌರ್ಜನ್ಯ ಎಸಗಿದವನ ಕೈಗೆ ಈಗಲೂ ಸಿಗುವಂತಿರುವವರು ಬಂದರೆ ಮೊದಲು ಅದನ್ನೇ ಸರಿಮಾಡಬೇಕು. ವಾರಗಟ್ಟಲೆ ದಿನಾ ನಿದ್ದೆಮಾತ್ರೆ ನುಂಗುತ್ತಿದ್ದವರಲ್ಲಿ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಈ ಹುಡುಗಿ ಮಾತ್ರೆ ನುಂಗಿದ್ದು ಆ ಒಂದೇ ರಾತ್ರಿ, ಹಾಗಾಗಿ ಅದರ ಅಗತ್ಯ ಬರಲಿಲ್ಲ.

ಅವಳಿಗೆ ಹಾಕಿದ ಷರತ್ತು ಒಂದೇ. ಚಿಕಿತ್ಸೆಗೆ ಬರುವ ದಿನ ಮತ್ತು ಹಿಂದಿನ ರಾತ್ರಿ ಸೇದಬಾರದು. ಮಂಕು ಕವಿದ ತಲೆಯಲ್ಲಿ ಕಲಿತದ್ದು ನಿಲ್ಲುವುದಿಲ್ಲ. ಮೂತ್ರ ಪರೀಕ್ಷೆ ನಿಂತಿತು, ಹಾಳೆಯ ಮೇಲೆ ನಂಬಿಕೆ ಇಟ್ಟರು. “ಸೇದೋಕೆ ಲೈಸೆನ್ಸ್ ಕೊಟ್ಟ ಹಾಗಾಯ್ತಲ್ಲ ಮೇಡಂ?” ಎಂದು ಅಪ್ಪ ಕೇಳಿದರು. ಕಳೆದ ಬಾರಿ ಪೂರ್ತಿ ಬಿಡಿಸಿದಾಗ ಹತ್ತನೇ ದಿನ ಎಲ್ಲಿದ್ದೆವು ಎಂದು ಸಮಾಲೋಚಕಿ ನೆನಪಿಸಿದರು. ಅಪ್ಪ ಮತ್ತೆ ಮಾತಾಡಲಿಲ್ಲ.

ಮನೆಯ ಎಲ್ಲ ಮಾತ್ರೆಗಳೂ ಬೀಗದ ಪೆಟ್ಟಿಗೆಗೆ ಹೋದವು, ಮದ್ಯ ಮನೆಯಿಂದಲೇ ಹೊರಗೆ ಹೋಯಿತು. ಸುರಕ್ಷತೆಯ ಯೋಜನೆಯನ್ನು ಹುಡುಗಿ ತನ್ನ ಕೈಬರಹದಲ್ಲೇ ಬರೆದಳು: ಹದಗೆಡುತ್ತಿದೆ ಎಂದು ತಿಳಿಯುವ ಸೂಚನೆಗಳು, ಒಬ್ಬಳೇ ಮಾಡಬಹುದಾದದ್ದು, ಯಾರ ಜೊತೆ ಸುಮ್ಮನೆ ಕೂರಬಹುದು, ಯಾರಿಗೆ ಬಾಯಿಬಿಟ್ಟು ಹೇಳಬಹುದು, ಯಾವ ಆಸ್ಪತ್ರೆಗೆ ಹೋಗಬೇಕು.

ರಾತ್ರಿಯ ಕೆಲಸ

ಅವಳು ಕೇಳಿದ್ದು ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮಾತ್ರೆ ನುಂಗಿದ ಹುಡುಗಿಯ ಕೋಣೆಗೆ ಚಿಲಕ ಇಡುವುದಕ್ಕೆ ಅಮ್ಮ ಒಪ್ಪಲಿಲ್ಲ, ಆ ಹೆದರಿಕೆ ನ್ಯಾಯವಾದದ್ದೇ. ಇಬ್ಬರ ಭಯಕ್ಕೂ ಹೊಂದುವ ಉಪಾಯವನ್ನು ಸಮಾಜ ಕಾರ್ಯಕರ್ತೆ ಹುಡುಕಿದರು: ಬಾಗಿಲ ಹಿಡಿಗೆ ಒಂದು ಸಣ್ಣ ಗಂಟೆ. ಯಾರೇ ತೆರೆದರೂ ಸದ್ದಾಗುತ್ತದೆ. ಅವಳಿಗೆ ತಿಳಿಯದಂತೆ ಯಾರೂ ಒಳಗೆ ಬರಲಾರರು. ಜೊತೆಗೆ ಎರಡು ನಿಯಮ. ಬಾಗಿಲು ತಟ್ಟುವವರು ಮೊದಲು ತಾವು ಯಾರೆಂದು ಹೇಳಬೇಕು. ಹತ್ತರ ನಂತರ ಅಪ್ಪ ಬರಿಗಾಲಲ್ಲಿ ಓಡಾಡಬೇಕು. ಅಪ್ಪ ಅಂದೇ ಚಪ್ಪಲಿಯನ್ನು ಹೊರಗಿನ ಮೆಟ್ಟಿಲ ಹತ್ತಿರ ಬಿಟ್ಟರು. ಮೊದಲ ತಿಂಗಳಲ್ಲಿ ಅತಿ ಹೆಚ್ಚು ಪರಿಣಾಮ ಬೀರಿದ್ದು ಗಂಟೆ ಮತ್ತು ಅಪ್ಪನ ಬರಿಗಾಲು, ಇವೆರಡೇ.

ಉಸಿರಾಟದ ಅಭ್ಯಾಸ ಕೈಕೊಟ್ಟಿತು. ಮಲಗಿ, ಕಣ್ಣು ಮುಚ್ಚಿ, ಉಸಿರಿನ ಕಡೆ ಗಮನ ಕೊಡು ಎಂದು ಎಲ್ಲರಿಗೂ ಹೇಳಿಕೊಡುವ ಪಾಠ ಅದು. ಇವಳಿಗೆ ಎರಡನೇ ನಿಮಿಷಕ್ಕೇ ಎದೆ ಹೊಡೆದುಕೊಳ್ಳಲು ಶುರುವಾಯಿತು. ಮಲಗಿದ ಭಂಗಿ, ಮುಚ್ಚಿದ ಕಣ್ಣು, ಕಿವಿಗೆ ಬೀಳುವ ಉಸಿರಿನ ಸದ್ದು, ಮೂರೂ ಆ ದಿನಗಳದ್ದೇ. ಲೈಂಗಿಕ ದೌರ್ಜನ್ಯ ಅನುಭವಿಸಿದವರಲ್ಲಿ ಇದು ಅಪರೂಪವಲ್ಲ, ಆದರೂ ಅಭ್ಯಾಸ ಹೇಳಿಕೊಡುವಾಗ ನೆನಪಿಡುವವರು ಕಡಿಮೆ. ಅದನ್ನು ಬಿಟ್ಟು, ಕೂತೇ, ಕಣ್ಣು ತೆರೆದೇ, ಪಾದಗಳನ್ನು ನೆಲಕ್ಕೆ ಒತ್ತಿ, ತಣ್ಣನೆಯ ಲೋಟ ಕೈಯಲ್ಲಿ ಹಿಡಿದು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳುವುದನ್ನು ಕಲಿಸಿದರು. ಇದು ಹಿಡಿಯಿತು.

ಕನಸಿಗೆ ಬೇರೆ ಅಭ್ಯಾಸ. ಅತಿ ಕೆಟ್ಟದ್ದನ್ನು ಬಿಟ್ಟು ಮಧ್ಯಮ ತೀವ್ರತೆಯ ಒಂದು ಕನಸನ್ನು ಆರಿಸಿಕೊಂಡು ಹಗಲಿನಲ್ಲಿ ಬರೆಯಬೇಕು. ಎಲ್ಲಿ ಬೇಕೋ ಅಲ್ಲಿಂದ ಅದನ್ನು ಬದಲಿಸಬೇಕು. ಬದಲಿಸಿದ್ದನ್ನು ದಿನಕ್ಕೆ ಹತ್ತು ನಿಮಿಷ ಮನಸ್ಸಿನಲ್ಲಿ ಓಡಿಸಬೇಕು. ಅವಳ ಕನಸಿನ ಕೋಣೆಗೆ ಒಂದೇ ಬಾಗಿಲಿತ್ತು. ಅವಳು ಎದುರು ಗೋಡೆಯಲ್ಲಿ ಇನ್ನೊಂದು ಬಾಗಿಲು ಬರೆದಳು; ಅದು ತೆರೆದರೆ ಬಾಸ್ಕೆಟ್‌ಬಾಲ್ ಅಂಗಳ, ಬಿಸಿಲು. ಮೂರು ವಾರದಲ್ಲಿ ವಾರಕ್ಕೆ ಆರು ಇದ್ದ ಕೆಟ್ಟ ಕನಸು ಮೂರಕ್ಕೆ ಇಳಿಯಿತು.

ಇಷ್ಟಾದ ಮೇಲೆ ಗಾಂಜಾ ಇಳಿಸುವುದು ಶುರು. ಮೊದಲ ವಾರ ಬೇಕೆನಿಸಿದಾಗ 20 ನಿಮಿಷ ಮುಂದೂಡುವುದು, ಅಷ್ಟೇ. ಆಮೇಲೆ ವಾರಕ್ಕೆ ಒಂದು ರಾತ್ರಿ ಬಿಡುವುದು, ಮರುದಿನ ಶಾಲೆ ಇಲ್ಲದ ರಾತ್ರಿ. ನಿದ್ದೆ ಕೆಟ್ಟರೂ ಬೆಳಗ್ಗೆ ಹೊರೆಯಾಗಬಾರದು. ಹೀಗೆ ಎಂಟು ವಾರ. ಈ ಸಲ ಕನಸು ಪುಟಿಯುವ ವಿಷಯವನ್ನು ಮೊದಲೇ ಹೇಳಿದ್ದರು, ಹಾಳೆಯ ಮೇಲೆ ಬರೆದೂ ಕೊಟ್ಟಿದ್ದರು.

ಔಷಧದ ಬಗ್ಗೆ ಮನೋವೈದ್ಯೆ ತುಸು ಹಿಡಿತದಲ್ಲಿದ್ದರು. ಬೆಂಜೊಡಯಜಪೀನ್ ಗುಂಪಿನ ನಿದ್ದೆಮಾತ್ರೆ ಬೇಡವೇ ಬೇಡ ಎಂದರು. ಗಾಂಜಾದ ಜಾಗಕ್ಕೆ ಮಾತ್ರೆ ಬಂದು ಕೂರುತ್ತದೆ. ಆಘಾತದ ಮೊದಲ ತಿಂಗಳ ಲಕ್ಷಣಗಳಿಗೂ ಮಕ್ಕಳಿಗೆ, ಹದಿಹರೆಯದವರಿಗೆ ಅದನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಖಿನ್ನತೆಗೆ ಫ್ಲುಆಕ್ಸೆಟಿನ್ 10 ಮಿಲಿಗ್ರಾಂ, ಒಂದು ವಾರದ ನಂತರ 20. ಇಂಥ ಖಿನ್ನತೆಯ ಔಷಧ ಶುರುಮಾಡಿದ ಮೊದಲ ವಾರಗಳಲ್ಲಿ ಕೆಲವು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು, ಅದಕ್ಕಾಗಿ ನಾಲ್ಕು ವಾರ ಪ್ರತಿ ವಾರವೂ ನೋಡಿದರು. ಮಾತ್ರೆ ಪಿಟಿಎಸ್‌ಡಿಯನ್ನು ವಾಸಿಮಾಡುತ್ತದೆ ಎಂಬ ಭರವಸೆ ಯಾರೂ ಕೊಡಲಿಲ್ಲ.

ನೆನಪಿನ ಕೆಲಸ, ಒಂದು ಗುರುವಾರ

ಎಂಟನೇ ಭೇಟಿಯಿಂದ ನಡೆದದ್ದನ್ನು ಬರೆಯುವ ಕೆಲಸ ಶುರುವಾಯಿತು, ಅಧ್ಯಾಯಗಳಾಗಿ, ಅವಳಿಗೆ ಬೇಕಾದ ಕಡೆಯಿಂದ. ಎರಡನೇ ಅಧ್ಯಾಯದ ದಿನ ರಾತ್ರಿ ಮೂರು ಸಲ ಸೇದಿದಳು, ಮುಂದಿನ ಭೇಟಿಗೆ ಬರಲೇ ಇಲ್ಲ. ‘ನೋಡಿ, ಕೆದಕಿದ್ದಕ್ಕೇ ಹೀಗಾಯ್ತು’ ಎಂದು ಅಪ್ಪ ಹೇಳಿದ್ದು ಸಹಜ. ತಂಡದೊಳಗೂ ಒಬ್ಬರಿಗೆ ಹಾಗೇ ಅನ್ನಿಸಿತ್ತು.

ಕಾರಣ ಹಾಳೆಯಲ್ಲಿತ್ತು. ಭೇಟಿ ಗುರುವಾರ ಸಂಜೆ ನಾಲ್ಕೂವರೆಗೆ. ಅಮ್ಮ ಕೆಲಸದಿಂದ ಬರುವುದು ಎಂಟಕ್ಕೆ. ನಡುವಿನ ಮೂರು ಗಂಟೆ, ಹಸಿ ನೆನಪಿನ ಜೊತೆ, ಖಾಲಿ ಮನೆಯಲ್ಲಿ ಅವಳೊಬ್ಬಳೇ. ಭೇಟಿಯನ್ನು ಶನಿವಾರ ಬೆಳಗ್ಗೆಗೆ ಬದಲಿಸಿದರು. ಕೊನೆಯ 15 ನಿಮಿಷ ಬರವಣಿಗೆಯನ್ನು ಮುಚ್ಚಿಟ್ಟು ಇವತ್ತಿನ ಮಾತು ಮಾತ್ರ. ಕರೆದೊಯ್ಯಲು ಅಮ್ಮನೇ ಬರಬೇಕು, ಏನು ಬರೆದೆ ಎಂದು ಕೇಳಬಾರದು. ಬರೆಯುವ ವಿಷಯ, ಬರೆಯುವ ವೇಗ ಏನೂ ಬದಲಾಗಲಿಲ್ಲ. ಮುಂದಿನ ನಾಲ್ಕು ಅಧ್ಯಾಯಗಳ ದಿನ ಅವಳು ಸೇದಲಿಲ್ಲ.

ನಾಲ್ಕನೇ ಅಧ್ಯಾಯದಲ್ಲಿ ಒಂದು ವಾಕ್ಯವನ್ನು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದ್ದಳು: ‘ನಾನು ಕೂಗಲಿಲ್ಲ.’ ಎಲ್ಲ ನಾಚಿಕೆಯೂ ಆ ವಾಕ್ಯದಲ್ಲೇ ಗಂಟು ಬಿದ್ದಿತ್ತು. ವಿಪರೀತ ಭಯದಲ್ಲಿ ದೇಹ ತಾನಾಗಿಯೇ ಮರಗಟ್ಟುತ್ತದೆ, ದನಿ ಏಳುವುದಿಲ್ಲ, ಅದು ಒಪ್ಪಿಗೆಯೂ ಅಲ್ಲ ಹೇಡಿತನವೂ ಅಲ್ಲ ಎಂದು ಸಮಾಲೋಚಕಿ ವಿವರಿಸಿದರು. ಅತ್ಯಾಚಾರದ ನಂತರ ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯಕ್ಕೆ ಬಂದಿದ್ದ 298 ಮಹಿಳೆಯರಲ್ಲಿ ಶೇ. 70 ಮಂದಿ ಹೀಗೆ ಗಣನೀಯವಾಗಿ ಮರಗಟ್ಟಿದ್ದರು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಹುಡುಗಿ ಆ ಸಂಖ್ಯೆಯನ್ನು ಎರಡು ಸಲ ಕೇಳಿದಳು. “ನೂರಕ್ಕೆ ಎಪ್ಪತ್ತಾ?” ಆ ವಾಕ್ಯವನ್ನು ಅವಳು ನಾಲ್ಕನೇ ಸಲ ಬರೆದಾಗ ಅದು ‘ನನ್ನ ದನಿ ಏಳಲಿಲ್ಲ’ ಎಂದಾಗಿತ್ತು, ಹೊಡೆದು ಹಾಕಲಿಲ್ಲ.

ಗಾಂಜಾ ಕೊಡುತ್ತಿದ್ದವನು

ಹನ್ನೊಂದನೇ ಭೇಟಿಯಲ್ಲಿ ಮಾತಿನ ನಡುವೆ ಒಂದು ವಿಷಯ ಹೊರಬಂತು. ಗಾಂಜಾ ಕೊಡುತ್ತಿದ್ದವನಿಗೆ 19 ವರ್ಷ. ಮೊದಮೊದಲು ದುಡ್ಡು ಕೇಳುತ್ತಿರಲಿಲ್ಲ, ಆಮೇಲೆ ಸಾಲದ ಲೆಕ್ಕ ಇಟ್ಟ. ಈಗ ‘ದುಡ್ಡು ಬೇಡ, ಒಬ್ಬಳೇ ಬಂದು ಭೇಟಿಯಾಗು’ ಎಂದು ಮೆಸೇಜ್ ಕಳಿಸುತ್ತಿದ್ದ. ಒಮ್ಮೆ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಮತ್ತೆ ಅದಕ್ಕೆ ಸಿಲುಕುವ ಅಪಾಯ ಹೆಚ್ಚು ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ, ಆ ಅಪಾಯಕ್ಕೆ ನಶೆ ದಾರಿ ಮಾಡಿಕೊಡುತ್ತದೆ. ಇಂಥ ಮಕ್ಕಳ ಜೊತೆ ಕೆಲಸ ಮಾಡುವವರು ‘ಎಲ್ಲಿಂದ ಸಿಗುತ್ತೆ, ಬದಲಿಗೆ ಏನು ಕೇಳ್ತಾರೆ’ ಎಂದು ಮೊದಲ ತಿಂಗಳಲ್ಲೇ ಕೇಳಿಬಿಡಬೇಕು. ಇಲ್ಲಿ ಎರಡನೇ ತಂಡವೂ ಕೇಳಿರಲಿಲ್ಲ. ಹನ್ನೊಂದು ವಾರ ಆ ಅಪಾಯ ಹಾಗೇ ಇತ್ತು.

ಇದು ಗುಟ್ಟಿನ ಮಿತಿ ದಾಟುವ ವಿಷಯ ಎಂದು ಮೊದಲು ಅವಳಿಗೇ ಹೇಳಿದರು. ಯಾರು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬುದನ್ನು ಅವಳಿಗೆ ಬಿಟ್ಟರು. ಅವಳು ಅಮ್ಮನನ್ನು ಕರೆಸಿ ತಾನೇ ಹೇಳಿದಳು. ‘ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಬಾಯಿಗೆ ಬಂದರೂ ನುಂಗಿಕೊಳ್ಳಬೇಕೆಂದು ಅಮ್ಮನಿಗೆ ಹಿಂದಿನ ದಿನವೇ ಹೇಳಿಕೊಟ್ಟಿದ್ದರು. ಅಮ್ಮ ಕೇಳಿದ್ದು ಇಷ್ಟೇ: “ಅವನು ಮನೆ ಹತ್ತಿರ ಬರ್ತಾನಾ?” ಮೆಸೇಜುಗಳನ್ನು ಅಳಿಸದೆ ಉಳಿಸಿಕೊಂಡರು, ನಂಬರ್ ಬ್ಲಾಕ್ ಮಾಡಿದರು, ಕಾನೂನಿನ ಪ್ರಕಾರ ತಿಳಿಸಬೇಕಾದಲ್ಲಿ ಸಮಾಜ ಕಾರ್ಯಕರ್ತೆ ತಿಳಿಸಿದರು.

ಆಮೇಲೆ

ಹದಿನೇಳನೇ ವಾರದಲ್ಲಿ ವಿಚಾರಣೆ ಇತ್ತು. ಬೆಳಗ್ಗೆ ಹೋಗಿ ಸಂಜೆವರೆಗೆ ಕಾದ ಮೇಲೆ ಮುಂದೂಡಿದರು. ಆ ರಾತ್ರಿಯಿಂದ ನಾಲ್ಕು ದಿನ ಸತತ ಸೇದಿದಳು. ಐದನೇ ದಿನ ಅವಳೇ ಫೋನು ಮಾಡಿ ಹೇಳಿದಳು. ಇದಕ್ಕೆ ಶಿಕ್ಷೆ ಇರಲಿಲ್ಲ, ಹಾಳೆ ತೆಗೆದು ಕೂತರು. ನ್ಯಾಯಾಲಯದಲ್ಲಿ ಹಾಜರಾಗುವ ದಿನಕ್ಕೆ ಎಲ್ಲರೂ ಸಿದ್ಧತೆ ಮಾಡಿಸಿದ್ದರು. ಮುಂದೂಡಿದರೆ ಏನು ಮಾಡುವುದು ಎಂಬುದಕ್ಕೆ ಯಾರೂ ಮಾಡಿಸಿರಲಿಲ್ಲ. ಅಂದಿನಿಂದ ಪ್ರತಿ ವಿಚಾರಣೆಗೂ ಎರಡು ಯೋಜನೆ ಹಾಕಿದರು, ನಡೆದರೆ ಒಂದು, ಮುಂದೆ ಹೋದರೆ ಇನ್ನೊಂದು.

ಇಪ್ಪತ್ತೆರಡನೇ ವಾರದಲ್ಲಿ ಸಿಪಿಎಸ್‌ಎಸ್-5 ಅಂಕ 19, ಪಿಎಚ್‌ಕ್ಯೂ-ಎ 7. ಹಿಂದಿನ 30 ದಿನಗಳಲ್ಲಿ ಗಾಂಜಾ ಸೇದಿದ್ದು ಮೂರು ದಿನ. ಕೆಟ್ಟ ಕನಸು ವಾರಕ್ಕೊಂದು, ಕೆಲವು ವಾರ ಅದೂ ಇಲ್ಲ. ಮಾತ್ರೆ ನುಂಗುವ ಯೋಚನೆ ಹತ್ತು ವಾರದಿಂದ ಬಂದಿರಲಿಲ್ಲ. ಪೆಟ್ಟಿಗೆಗೆ ಬೀಗ ಮಾತ್ರ ಹಾಗೇ ಉಳಿಯಿತು. ಶಾಲೆಯಲ್ಲಿ ಒಂದು ವರ್ಷ ಹೋಯಿತು, ಅದು ವಾಪಸ್ ಬರಲಿಲ್ಲ. ಬೆನ್ನ ಹಿಂದೆ ಯಾರಾದರೂ ನಿಂತರೆ ಈಗಲೂ ಎದ್ದು ಜಾಗ ಬದಲಿಸುತ್ತಾಳೆ. ಅಪ್ಪನ ಜೊತೆ ಮಾತು ಕಡಿಮೆ. ಅವರು ಮಾತ್ರ ರಾತ್ರಿ ಇವತ್ತಿಗೂ ಬರಿಗಾಲಲ್ಲೇ ಓಡಾಡುತ್ತಾರೆ.

ವಾರದ ಭೇಟಿಗಳು ಮುಗಿದು ತಿಂಗಳಿಗೊಮ್ಮೆ ಬರುವಂತಾದಾಗ ಅವಳು ಅಂಗೈಯಗಲದ ಒಂದು ಕಾರ್ಡ್ ಮಾಡಿಕೊಂಡಳು. ಮುಂದಿನ ವಿಚಾರಣೆಯ ತಾರೀಖು, ಪ್ರತಿ ವರ್ಷ ಕಷ್ಟವಾಗುವ ಒಂದು ತಿಂಗಳ ಹೆಸರು, ಅಮ್ಮ ರಾತ್ರಿ ಪಾಳಿಗೆ ಹೋಗುವ ದಿನಗಳು, ಪ್ರತಿಯೊಂದರ ಎದುರಿಗೂ ಆ ರಾತ್ರಿ ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು ಎಂದು ಬರೆದಿದ್ದಳು. ಬಾಗಿಲ ಗಂಟೆಯನ್ನು ಐದನೇ ತಿಂಗಳಲ್ಲಿ ತಾನೇ ಬಿಚ್ಚಿ ಮೇಜಿನ ಖಾನೆಯಲ್ಲಿ ಇಟ್ಟಿದ್ದಳು. ಕಾರ್ಡಿನ ಕೊನೆಯ ಸಾಲು ಅದರದ್ದೇ: ‘ಗಂಟೆ ಎರಡನೇ ಖಾನೇಲಿದೆ. ಬೇಕು ಅನ್ನಿಸಿದ ದಿನ ಮತ್ತೆ ಕಟ್ಟಬಹುದು.’